ಭೀಮಶಿಯ ಮುಖ

ಬರಗಿಹಾಳದ ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿದ್ದ ಯೋಧನ ಮೂರ್ತಿಯನ್ನು ಕಬ್ಬಿನ ಟ್ರ್ಯಾಕ್ಟರು ಕೆಡವಿದ ಮುಂಜಾನೆ ವೈಶಾಲಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ಗಂಡ ಪಾಂಡಪ್ಪ ಓಣಿಯ ತುದಿಯಿಂದ ನಡೆದು ಬರುವುದು ಕಾಣಿಸಿತು. ಆ ಹೊತ್ತಿಗೆ ಅವನು ಕಬ್ಬಿನ ಗಾಡಿಯ ಮೇಲೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿರಬೇಕಿತ್ತು. ಹತ್ತಿರ ಬಂದಾಗ ನೋಡಿದರೆ ತಲೆಗೂದಲು, ಹುಬ್ಬು, ಅಂಗಿಯ ಹೆಗಲು ಎಲ್ಲ ಸಿಮೆಂಟಿನ ಪುಡಿಯಿಂದ ಬೆಳ್ಳಗಾಗಿದ್ದವು. ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು. ಅವಳು ಕೊಡ ಇಳಿಸಿ ಓಡಿ ಹೋದರೂ ಅವನು ಅವಳನ್ನು ನೋಡಲಿಲ್ಲ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಸೋಮವ್ವನ ಮುಂದೆ ಬಂದು ನಿಂತ.

"ಯವ್ವಾ, ಭೀಮಶಿ ಬಿದ್ದ," ಎಂದ. "ನನ್ನ ಗಾಡಿ ಬಡದು ಬಿದ್ದ."

ಭೀಮಶಿ ಸೋಮವ್ವನ ಮಗ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಗಡಿಯ ಠಾಣೆಯೊಂದಕ್ಕೆ ರೇಶನ್ನು ಒಯ್ಯುವಾಗ ಆಚೆಯಿಂದ ಶೆಲ್ಲು ಬಿದ್ದು ತೀರಿಕೊಂಡು ಏಳು ವರ್ಷವಾಗಿತ್ತು. ಊರು ಅವನಿಗೆ ಸರ್ಕಲ್ಲಿನಲ್ಲಿ ಮೂರ್ತಿ ನಿಲ್ಲಿಸಿತ್ತು. ವೈಶಾಲಿ ಆಗ ಅವನ ಹೆಂಡತಿ. ಅವಳು ಅವನ ಜತೆ ಸಂಸಾರ ಮಾಡಿದ್ದು ಅವನ ಎರಡು ರಜೆಗಳಷ್ಟೇ ಕಾಲ.

ಪಾಂಡಪ್ಪ ಅನಗವಾಡಿಯವನು. ಅಲ್ಲಿ ಹೊಳೆಯ ದಂಡೆಯಲ್ಲಿ ಅವನ ಅಪ್ಪ, ಅಣ್ಣ ಕುರಿ ಕಾಯುತ್ತಾರೆ. ಕುರಿಯ ಹಿಂದೆ ಅಲೆಯುವುದು ಬೇಡವೆಂದು ಮೀಸೆ ಮೂಡುವ ವಯಸ್ಸಿಗೇ ಬರಗಿಹಾಳಕ್ಕೆ ಬಂದು ಊರಿನ ಸಾವುಕಾರ ಅಣ್ಣಾಸಾಹೇಬರ ಟ್ರ್ಯಾಕ್ಟರಿಗೆ ಸೇರಿಕೊಂಡಿದ್ದ. ಭೀಮಶಿಯೂ ಆಗ ಅಲ್ಲೇ ಇದ್ದ. ಇಬ್ಬರೂ ಒಂದೇ ಸ್ಟೇರಿಂಗು ಹಿಡಿದು ಗಾಡಿ ಕಲಿತವರು. ಮಧ್ಯಾಹ್ನದ ಊಟ ಸೋಮವ್ವನ ಮನೆಯಲ್ಲಿ ಇಬ್ಬರಿಗೂ ಒಂದೇ ತಾಟಿನಲ್ಲಿ. ಭೀಮಶಿ ಸೈನ್ಯಕ್ಕೆ ಹೋದ ಮೇಲೂ ಆ ಮನೆಯಲ್ಲಿ ಪಾಂಡಪ್ಪನ ಊಟ ತಪ್ಪಲಿಲ್ಲ. ಭೀಮಶಿ ಸತ್ತ ಮೇಲೆ ಕಟ್ಟಿಗೆ ಒಡೆದು ಹಾಕುವುದು, ಸೋಮವ್ವನನ್ನು ಮುಧೋಳದ ದವಾಖಾನೆಗೆ ಕರೆದೊಯ್ಯುವುದು, ಎಲ್ಲವೂ ಅವನ ಮೇಲೆಯೇ ಬಿತ್ತು.

ಎರಡು ವರ್ಷ ಕಳೆದ ಮೇಲೆ ಸೋಮವ್ವನೇ ಮುಂದೆ ನಿಂತು ವೈಶಾಲಿಗೂ ಅವನಿಗೂ ಉಡಕಿ ಮಾಡಿಸಿದಳು. ಗಂಡ ಸತ್ತ ಹೆಣ್ಣಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಕೈಗೆ ಒಪ್ಪಿಸುವುದು ಅವರ ಮನೆತನಗಳಲ್ಲಿ ಅಜ್ಜಿಯರ ಕಾಲದಿಂದ ನಡೆದು ಬಂದದ್ದು. ಸೋಮವ್ವನ ತಾಯಿಯೇ ಉಡಕಿಯಾದವಳು. ಬೀರೇಶ್ವರನ ಗುಡಿಯ ಮುಂದೆ ಇಬ್ಬರ ಹಣೆಗೂ ಅರಿಸಿನದ ಭಂಡಾರ ಹಚ್ಚಿ, ಈ ಮನೆಗೆ ಒಬ್ಬ ಗಂಡುಮಗ ಬೇಕು, ಈ ಹುಡುಗಿಗೆ ಒಂದು ಬಾಳುವೆ ಬೇಕು ಎಂದು ಅವಳೇ ಹೇಳಿದಳು. ಮರುವರ್ಷ ಮಾಳವ್ವ ಹುಟ್ಟಿದಳು.

ಊರಿಗೆ ಮಾತ್ರ ಇದು ಹಿಡಿಸಲಿಲ್ಲ. ಅದುವರೆಗೆ ವೈಶಾಲಿಯನ್ನು ವೀರನಾರಿ ಎಂದು ಕರೆದು ಶಾಲು ಹೊದಿಸುತ್ತಿದ್ದವರು ಕರೆಯುವುದನ್ನು ಬಿಟ್ಟರು. ತಮ್ಮ ಮನೆಗಳಲ್ಲೇ ಉಡಕಿ ಕಂಡು ಬೆಳೆದವರೂ, ಬೇರೆಯವರದು ಬೇರೆ, ಹುತಾತ್ಮನ ಹೆಂಡತಿ ಹಾಗೆ ಮಾಡಬಾರದಿತ್ತು ಎಂದರು. ಆಗಸ್ಟ್ ಹದಿನೈದಕ್ಕೆ ಮಾಲೆ ಹಾಕಲು ಸೋಮವ್ವನೊಬ್ಬಳಿಗೇ ಹೇಳಿಕಳಿಸುತ್ತಿದ್ದರು. ವೈಶಾಲಿ ಸಂತೆಗೆ ಹೋಗುವಾಗ ಸರ್ಕಲ್ಲು ಬಂದರೆ ಸೆರಗು ಮುಂದಕ್ಕೆಳೆದುಕೊಂಡು ಅಂಗಡಿಗಳ ಕಡೆ ನೋಡುತ್ತ ದಾಟುತ್ತಿದ್ದಳು.

ಆ ಮುಂಜಾನೆ ಏನಾಯಿತೆಂಬುದನ್ನು ಪಾಂಡಪ್ಪ ನೀರು ಕುಡಿದ ಮೇಲೆ ಹೇಳಿದ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಯ ಕಡೆ ಹೊರಟಿದ್ದ. ಸರ್ಕಲ್ಲಿನ ಇಳಿಜಾರಿನಲ್ಲಿ ಒಂದು ಮೋಟಾರ್ ಸೈಕಲ್ಲು ಅಡ್ಡ ಬಂತು. ಬ್ರೇಕು ಒತ್ತಿದರೆ ಪೆಡಲು ಸೀದಾ ಕೆಳಗೆ ಹೋಯಿತು. ಸ್ಟೇರಿಂಗ್ ಎಳೆದ. ಟ್ರ್ಯಾಕ್ಟರು ತಿರುಗಿತು, ಹಿಂದಿನ ಟ್ರೇಲರ್ ತಿರುಗಲಿಲ್ಲ. ಕಟ್ಟೆಗೆ ಬಡಿದು ಕಬ್ಬಿನ ಸಮೇತ ಮೂರ್ತಿಯ ಮೇಲೆ ಹೊರಳಿತು. ಮೋಟಾರ್ ಸೈಕಲ್ಲಿನವನು ತಿರುಗಿ ನೋಡದೆ ಹೋಗಿಬಿಟ್ಟ. ಬ್ರೇಕು ಹಿಡಿಯುತ್ತಿಲ್ಲವೆಂದು ಪಾಂಡಪ್ಪ ದೀಪಾವಳಿಯಿಂದಲೂ ಅಣ್ಣಾಸಾಹೇಬರಿಗೆ ಹೇಳುತ್ತಲೇ ಇದ್ದ. ಗಾಡಿ ನಿಲ್ಲಿಸಿದರೆ ಕಾರ್ಖಾನೆಯಲ್ಲಿ ಪಾಳಿ ತಪ್ಪುತ್ತದೆ, ಹಂಗಾಮು ಮುಗಿದ ಮೇಲೆ ನೋಡೋಣ ಎಂದು ಅವರು ಪ್ರತಿ ಸಲ ಹೇಳಿದ್ದರು. ಮನೆಯವರಿಗೆಲ್ಲ ಅದು ಗೊತ್ತಿದ್ದ ಮಾತು.

ಸೋಮವ್ವ ಚಪ್ಪಲಿ ಮೆಟ್ಟದೆ ಸರ್ಕಲ್ಲಿಗೆ ಹೋದಳು. ವೈಶಾಲಿ ಮಾಳವ್ವನನ್ನು ಸೊಂಟಕ್ಕೇರಿಸಿಕೊಂಡು ಹಿಂದೆ ನಡೆದಳು. ಮೂರ್ತಿ ಸೊಂಟಕ್ಕೆ ಮುರಿದಿತ್ತು. ಕಟ್ಟೆಯ ಮೇಲೆ ಎರಡು ಕಾಲು, ಎರಡು ಬೂಟು ಮಾತ್ರ ನಿಂತಿದ್ದವು. ಮೇಲೆ ಕಬ್ಬಿಣದ ಸರಳು ಬಾಗಿ ಚಾಚಿಕೊಂಡಿದ್ದವು. ಬಂದೂಕು ಹಿಡಿದ ಕೈ ಗಟಾರದಲ್ಲಿ ಬಿದ್ದಿತ್ತು. ತಲೆ ಕಬ್ಬಿನ ಕೆಳಗಿತ್ತು. ಯಾರೋ ಕಬ್ಬು ಸರಿಸಿದರು. ಮೂಗು ಇರಲಿಲ್ಲ. ಆ ಮುಖ ಮೊದಲಿನಿಂದಲೂ ಭೀಮಶಿಯದಾಗಿರಲಿಲ್ಲ. ಮೂರ್ತಿ ಮಾಡಿದವನು ಯೋಧನೆಂದರೆ ಹೀಗೇ ಇರಬೇಕೆಂದು ದಪ್ಪ ಮೀಸೆ ಬಿಡಿಸಿದ್ದ, ಭೀಮಶಿ ಒಂದು ದಿನವೂ ಮೀಸೆ ಬಿಟ್ಟವನಲ್ಲ. ಆದರೂ ಸೋಮವ್ವ ಕೂತು ಆ ತಲೆಯನ್ನು ಎತ್ತಿಕೊಳ್ಳಲು ನೋಡಿದಳು. ಭಾರಕ್ಕೆ ಅದು ಏಳಲಿಲ್ಲ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು.

ಅಣ್ಣಾಸಾಹೇಬರು ತೋಟದಿಂದ ನೇರ ಅಲ್ಲಿಗೆ ಬಂದರು. ಊರಿನ ದೊಡ್ಡ ಹಿಡುವಳಿದಾರರು, ಎರಡು ಸಲ ಪಂಚಾಯಿತಿಗೆ ಅಧ್ಯಕ್ಷರಾದವರು, ಮಾತು ಮೆಲ್ಲಗೆ ಆಡುವವರು. ಬಹಳ ಹೊತ್ತು ಮುರಿದ ಮೂರ್ತಿಯನ್ನು ನೋಡುತ್ತ ನಿಂತರು. ಜನ ಅವರ ಬಾಯಿಯನ್ನೇ ಕಾಯುತ್ತಿದ್ದರು.

"ಇಷ್ಟ ವರ್ಸ ನಮ್ಮ ಗಾಡಿ ಹೊಡದಾನ, ಒಂದ ಕೋಳಿಮರಿ ಮ್ಯಾಲ ಹಾಯಿಸಿದಾಂವ ಅಲ್ಲ," ಎಂದರು. "ಇವತ್ತ ಸೀದಾ ಇದರ ಮ್ಯಾಲ ಯಾಕ ಹೋದನೋ, ಅವನಿಗಷ್ಟ ಗೊತ್ತು."

ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ಎರಡನೆಯ ಗಂಡ ಮೊದಲನೆಯ ಗಂಡನ ಮೂರ್ತಿ ಒಡೆದ ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಮುಧೋಳ, ಜಮಖಂಡಿಯವರೆಗೆ ಮೊಬೈಲಿನಲ್ಲಿ ಹರಿದಾಡಿತು. ಸಂಜೆ ಹುಡುಗರ ಒಂದು ಗುಂಪು ಮನೆಯ ಮುಂದೆ ಬಂದು ಘೋಷಣೆ ಕೂಗಿತು. ಬಾಗಿಲಿಗೆ ಸೆಗಣಿ ಎರಚಿದರು. ಪೊಲೀಸರು ಬಂದು ಪಾಂಡಪ್ಪನನ್ನು ಕರೆದೊಯ್ದರು. ಅವನ ಒಳ್ಳೆಯದಕ್ಕೇ ಕರೆದೊಯ್ಯುತ್ತಿದ್ದೇವೆ, ಹೊರಗಿದ್ದರೆ ಜನ ಬಿಡುವುದಿಲ್ಲ ಎಂದು ಒಬ್ಬ ಪೇದೆ ವೈಶಾಲಿಗೆ ಹೇಳಿದ. ಅವಳು ಬ್ರೇಕಿನ ಮಾತು ತೆಗೆದಳು. ಅದನ್ನು ಸಾವುಕಾರರು ಹೇಳಲಿ ಎಂದು ಅವನು ಜೀಪು ಹತ್ತಿದ.

ಮರುದಿನ ಸೋಮವ್ವ ಅಣ್ಣಾಸಾಹೇಬರ ಮನೆಗೆ ಹೋದಳು. ಅವರು ಅವಳನ್ನು ಜಗುಲಿಯ ಮೇಲೆ ಕೂರಿಸಿ, ಮನೆಯವರಿಂದ ಚಹಾ ಕೊಡಿಸಿ, ಭೀಮಶಿ ತನಗೂ ಮಗನಿದ್ದ ಹಾಗೆ ಎಂದರು. ಪಾಂಡಪ್ಪನನ್ನು ಬಿಡಿಸಿಕೊಂಡು ಬರುವುದು ತನ್ನ ಜವಾಬ್ದಾರಿ, ಆದರೆ ಅವನು ಸರ್ಕಲ್ಲಿನಲ್ಲಿ ಜನರೆದುರಿಗೆ ತಪ್ಪೊಪ್ಪಿಕೊಂಡು ಮಾಲೆ ಹಾಕಬೇಕು, ಹಾಗಾದರೆ ಮಾತ್ರ ಊರು ತಣ್ಣಗಾಗುತ್ತದೆ, ಬ್ರೇಕು ಗೀಕು ಎಂದು ನೆಪ ಹೇಳಿದರೆ ಹುಡುಗರು ಇನ್ನಷ್ಟು ಕೆರಳುತ್ತಾರೆ ಎಂದು ತಿಳಿಸಿ ಹೇಳಿದರು. ಮೂರ್ತಿಯನ್ನು ಮೊದಲಿಗಿಂತ ಛಂದ ಮಾಡಿಸುವ ಹೊಣೆಯೂ ತನ್ನದೇ ಎಂದರು.

ಸೋಮವ್ವ ಆ ಮಾತನ್ನು ಹೊತ್ತುಕೊಂಡು ಠಾಣೆಗೆ ಹೋದಳು. ಪಾಂಡಪ್ಪ ಮೊದಲು ಒಪ್ಪಲಿಲ್ಲ. ಮಾಡದ ತಪ್ಪನ್ನು ಹೇಗೆ ಒಪ್ಪಿಕೊಳ್ಳಲಿ ಎಂದ. ಸೋಮವ್ವ ಅವನ ಗದ್ದ ಹಿಡಿದು, ಒಬ್ಬ ಮಗನನ್ನು ಕಳೆದುಕೊಂಡಿದ್ದೇನೆ, ಇನ್ನೊಬ್ಬನನ್ನು ಠಾಣೆಯಲ್ಲಿ ನೋಡಲಾರೆ, ನನ್ನ ಸಲುವಾಗಿ ಬಾಯಿ ಮುಚ್ಚಿಕೊಂಡಿರು ಎಂದು ಬೇಡಿದಳು. ಅವನು ಅವಳ ಸಲುವಾಗಿಯೇ ಒಪ್ಪಿದ. ವಾರದ ಸಂತೆಯ ದಿನ, ಊರೆಲ್ಲ ಸೇರಿದ್ದಾಗ, ಬರಿಗಾಲಲ್ಲಿ ಬಂದು ಕಟ್ಟೆಯ ಮೇಲೆ ಉಳಿದಿದ್ದ ಎರಡು ಬೂಟುಗಳಿಗೆ ಮಾಲೆ ಇಟ್ಟು ನಮಸ್ಕಾರ ಮಾಡಿದ. ನನ್ನಿಂದ ತಪ್ಪಾಯಿತು ಎಂದ. ಅದನ್ನೂ ಜನ ಮೊಬೈಲಿನಲ್ಲಿ ತೆಗೆದುಕೊಂಡರು. ಆ ಮೇಲೆ ಅವನು ತಪ್ಪು ಮಾಡಿಲ್ಲವೆಂದು ವಾದಿಸುವುದಕ್ಕೆ ಯಾರಿಗೂ ದಾರಿ ಉಳಿಯಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ವೈಶಾಲಿ ಒಮ್ಮೆ ಬ್ರೇಕಿನ ಮಾತು ಎತ್ತಿದಾಗ, ಅವನೇ ಒಪ್ಪಿಕೊಂಡಾನಲ್ಲ ತಂಗಿ, ಎಂದು ಹೆಂಗಸರು ಮುಖ ನೋಡಿಕೊಂಡರು.

ಅಣ್ಣಾಸಾಹೇಬರು ಗಾಡಿಗೆ ಬೇರೆ ಡ್ರೈವರನ್ನು ಇಟ್ಟುಕೊಂಡರು. ಉಳಿದವರಾರೂ ಪಾಂಡಪ್ಪನ ಕೈಗೆ ಸ್ಟೇರಿಂಗು ಕೊಡಲಿಲ್ಲ. ಅವನು ಹೊಲಗಳಲ್ಲಿ ಕಬ್ಬು ಹೇರುವ ಕೂಲಿಗೆ ಹೋಗತೊಡಗಿದ.

ಮೂರ್ತಿ ದುರಸ್ತಿಗೆ ಸಮಿತಿಯಾಯಿತು. ಅಣ್ಣಾಸಾಹೇಬರೇ ಅಧ್ಯಕ್ಷರು. ಜಮಖಂಡಿಯಿಂದ ಮಹಾಲಿಂಗಪ್ಪ ಎಂಬ ಶಿಲ್ಪಿ ಬಂದ. ಕಾಲುಗಳು ಗಟ್ಟಿಯಾಗಿವೆ, ಅವನ್ನು ಹಾಗೇ ಉಳಿಸಿಕೊಂಡು ಸೊಂಟದಿಂದ ಮೇಲೆ ಹೊಸದಾಗಿ ಕೂರಿಸಬಹುದು ಎಂದ. ಹಳೆಯ ಕನ್ನಡ ಸಾಲಿಯ ಪಡಸಾಲೆಯಲ್ಲಿ ಕೆಲಸ ಹೂಡಿದ. ಮೊದಲು ಮಣ್ಣಿನಲ್ಲಿ ಮುಖ ಮಾಡಿ, ಅದು ಸರಿ ಬಂದ ಮೇಲೆ ಅಚ್ಚು ತೆಗೆದು ಎರಕ ಹೊಯ್ಯುವುದು ಅವನ ಪದ್ಧತಿ. ವೈಶಾಲಿಯ ಹತ್ತಿರ ಭೀಮಶಿಯ ಫೋಟೋ ಎರಡೇ ಇದ್ದವು. ಒಂದು ಮದುವೆಯದು, ಬಾಸಿಂಗದ ಮರೆಯಲ್ಲಿ ಅರ್ಧ ಮುಖ. ಇನ್ನೊಂದು ಸೈನ್ಯದ್ದು, ಟೊಪ್ಪಿಗೆ ಹುಬ್ಬಿನವರೆಗೆ ಇಳಿದಿತ್ತು. ಎರಡನ್ನೂ ಕೊಟ್ಟಳು.

ಶಿವರಾತ್ರಿ ಮುಗಿದ ಮೇಲೆ ಮಹಾಲಿಂಗಪ್ಪ ಮನೆಯವರನ್ನು ಕರೆಸಿದ. ಮಣ್ಣಿನ ಮುಖ ತಯಾರಾಗಿದೆ, ಒಮ್ಮೆ ನೋಡಿ ಹೇಳಿದರೆ ಅಚ್ಚು ತೆಗೆಯುತ್ತೇನೆ ಎಂದು. ಸೋಮವ್ವನಿಗೆ ಮೊಣಕಾಲು ನೋವು. ಪಾಂಡಪ್ಪ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ, ವೈಶಾಲಿ ನಡೆದು ಬಂದಳು. ಅವನು ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತ.

ಹಸಿ ಬಟ್ಟೆ ಸರಿಸಿದಾಗ ಸೋಮವ್ವ ಮುಂದೆ ಬಾಗಿ ನೋಡಿದಳು. ಏನೋ ತಪ್ಪಿದೆ, ಏನೆಂದು ತಿಳಿಯುತ್ತಿಲ್ಲ ಎಂದಳು. ಮಹಾಲಿಂಗಪ್ಪ ವೈಶಾಲಿಯನ್ನು ಕೇಳಿದ. ಅವಳು ನೋಡಿದಳು. ನೋಡಿದಷ್ಟೂ ತನ್ನ ನೆನಪಿನಲ್ಲಿದ್ದದ್ದೂ ಫೋಟೋದಲ್ಲಿದ್ದದ್ದೇ ಎಂದು ತಿಳಿಯಿತು. ಟೊಪ್ಪಿಗೆಯಿಲ್ಲದ ಭೀಮಶಿ ಅವಳಿಗೆ ನೆನಪಾಗಲಿಲ್ಲ. ಗೊತ್ತಾಗವಲ್ಲದು ಎಂದು ತಲೆ ತಗ್ಗಿಸಿದಳು.

ಆಗ ಹೊಸ್ತಿಲ ಹೊರಗಿನಿಂದ ಪಾಂಡಪ್ಪ ಮೆಲ್ಲಗೆ ಹೇಳಿದ. ಮೂಗು ಅಷ್ಟು ನೆಟ್ಟಗಿರಲಿಲ್ಲ, ಎಡಕ್ಕೆ ತುಸು ವಾಲಿತ್ತು. ಕೆಳದುಟಿ ಇನ್ನೂ ದಪ್ಪ. ಬಲಗಡೆ ಹುಬ್ಬಿನ ತುದಿಯಲ್ಲಿ ಕೂದಲಿಲ್ಲದ ಒಂದು ಗೆರೆ, ಗಾಡಿ ಕಲಿಯುವಾಗ ಬಿದ್ದದ್ದು. ಸುಮ್ಮನಿದ್ದಾಗಲೂ ಒಂದು ಗಲ್ಲ ನಗುವುದಕ್ಕೆ ಎದ್ದ ಹಾಗೆ ಇರುತ್ತಿತ್ತು. ಮಹಾಲಿಂಗಪ್ಪ ಅವನನ್ನು ಒಳಗೆ ಕರೆದ. ಪಾಂಡಪ್ಪ ಹೇಳುತ್ತ ಹೋದ, ಶಿಲ್ಪಿ ಹೆಬ್ಬೆರಳಿನಿಂದ ಮಣ್ಣು ಒತ್ತುತ್ತ, ಒರೆಸುತ್ತ ಹೋದ. ಇನ್ನಷ್ಟು, ಇನ್ನೊಂದು ಚೂರು, ಸಾಕು. ಪಾಂಡಪ್ಪ ಕಣ್ಣು ಮುಚ್ಚಿ ನೋಡಿಕೊಂಡು, ತೆರೆದು ಮಣ್ಣನ್ನು ನೋಡಿ ಹೇಳುತ್ತಿದ್ದ. ಹೀಗೆ ಬಹಳ ಹೊತ್ತು ನಡೆಯಿತು.

ಸೋಮವ್ವ ಒಮ್ಮೆಲೇ ಎದ್ದು ನಿಂತಳು. ಮಣ್ಣಿನಲ್ಲಿ ಅವಳ ಮಗ ಬಂದಿದ್ದ. ಮೊಣಕಾಲು ನೋವು ಮರೆತು ಹತ್ತಿರ ಹೋಗಿ, ಮುಟ್ಟಲು ಕೈ ಚಾಚಿ, ಹಸಿ ಮಣ್ಣೆಂದು ಹಿಂದಕ್ಕೆಳೆದುಕೊಂಡಳು. ವೈಶಾಲಿಗೂ ಆಗ ಅವನು ನೆನಪಾದ. ಅಡುಗೆಮನೆಯ ಬಾಗಿಲಿಗೆ ಒರಗಿ ಹೀಗೇ ಒಂದು ಗಲ್ಲ ಎತ್ತಿ ನಿಲ್ಲುತ್ತಿದ್ದವನು. ಪಾಂಡಪ್ಪ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದ.

ಇಷ್ಟಾದ ಮೇಲೆ ಮನೆಯಲ್ಲಿ ಎಲ್ಲ ಸರಿಹೋಗುತ್ತದೆ ಎಂದು ವೈಶಾಲಿ ಅಂದುಕೊಂಡಳು. ಆದದ್ದು ಬೇರೆ. ಸೋಮವ್ವ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ, ಪಾಂಡಪ್ಪ ಕೂಲಿಗೆ ಹೋದ ಮೇಲೆ, ಜೋಳ ಹಸನು ಮಾಡುತ್ತ ಕೂತಿದ್ದವಳು ಕೈ ನಿಲ್ಲಿಸಿದಳು.

"ಹಡದಾಕಿ ನನಗ ನೆಪ್ಪಾಗಲಿಲ್ಲ. ಕಟಗೊಂಡಾಕಿ ನಿನಗ ನೆಪ್ಪಾಗಲಿಲ್ಲ," ಎಂದಳು. "ಇಂವ ಆ ಮುಖಾ ಇಷ್ಟ ವರ್ಸ ಕಣ್ಣಾಗ ಇಟಗೊಂಡ ತಿರಗ್ಯಾನ ನೋಡು. ಪ್ರೀತೀಲೆ ಇಟಗೊಂಡಿದ್ದನೋ, ಸಿಟ್ಟೀಲೆ ಇಟಗೊಂಡಿದ್ದನೋ?"

ಬಾಯಿ ಮುಚ್ಚಿಕೊಂಡಿರೆಂದು ಪಾಂಡಪ್ಪನನ್ನು ಬೇಡಿದವಳು ಇವಳೇ ಎಂಬುದನ್ನು ಆ ಕ್ಷಣಕ್ಕೆ ವೈಶಾಲಿ ಅತ್ತೆಗೆ ನೆನಪಿಸಬೇಕಿತ್ತು. ಆದರೆ ಆ ಪ್ರಶ್ನೆ ಅವಳ ಎದೆಗೂ ತಾಗಿತ್ತು. ಅದುವರೆಗೆ ಊರಿನ ಮಾತು ಊರಿನದೆಂದು ಬಾಗಿಲ ಹೊರಗೆ ಬಿಟ್ಟು ಬರುತ್ತಿದ್ದಳು. ಈಗ ಅದು ಒಳಗೆ ಕೂತು ಜೋಳ ಹಸನು ಮಾಡುತ್ತಿತ್ತು. ಅವಳು ಹಿಂದಿನದೆಲ್ಲ ಕೆದಕಿ ನೋಡತೊಡಗಿದಳು. ಭೀಮಶಿಯ ಹೆಸರು ಬಂದಾಗ ಪಾಂಡಪ್ಪ ಎದ್ದು ಹೋಗುತ್ತಿದ್ದದ್ದು. ಸ್ವಾತಂತ್ರ್ಯ ದಿನದ ಮುಂಜಾನೆಗಳಲ್ಲಿ ಅನಗವಾಡಿಗೆ ಹೋಗಿಬಿಡುತ್ತಿದ್ದದ್ದು. ಗೋಡೆಯ ಮೇಲಿದ್ದ ಸೈನ್ಯದ ಫೋಟೋವನ್ನು, ಗೋಡೆಗೆ ಸುಣ್ಣ ಬಳಿದ ಮೇಲೆ, ಯಾರೂ ಹೇಳದೆ ಅವನೇ ಮತ್ತೆ ಅದೇ ಮೊಳೆಗೆ ತೂಗುಹಾಕಿದ್ದು ಕೂಡ ಅವಳಿಗೆ ಈಗ ಬೇರೆಯಾಗಿ ಕಂಡಿತು.

ಮರುದಿನ ಬೆಳಿಗ್ಗೆ ಅವನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ವೈಶಾಲಿ ಟವೆಲ್ಲು ಹಿಡಿದು ನಿಂತಿದ್ದಳು.

"ಒಂದ ಮಾತ ಕೇಳತೇನ್ರಿ, ಸಿಟ್ಟಾಗಬ್ಯಾಡ್ರಿ," ಎಂದಳು. "ಆವತ್ತ ನಿಮ್ಮ ಮನಸಿನ್ಯಾಗ ಏನಾರ ಇತ್ತೇನ್ರಿ?"

ಅವನು ಮುಖ ಒರೆಸಿಕೊಳ್ಳಲಿಲ್ಲ. ನೀರು ಗದ್ದದಿಂದ ಎದೆಯ ಮೇಲೆ ಇಳಿಯುತ್ತಿತ್ತು. ಇಲ್ಲ ಎಂದು ಅವನು ಹೇಳಿಬಿಡುತ್ತಾನೆ, ತಾನು ನಂಬಿಬಿಡುತ್ತೇನೆ ಎಂದು ಅವಳು ಕಾದಳು. ಅವನು ಅವಳ ಕೈಯಿಂದ ಟವೆಲ್ಲು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಒಳಗೆ ಹೋಗಿ ಅಂಗಿ ತೊಟ್ಟು, ಮಲಗಿದ್ದ ಮಾಳವ್ವನ ತಲೆ ಸವರಿ, ಕೂಲಿಯ ಕಡೆ ಹೋಗದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅನಗವಾಡಿಯಲ್ಲಿದ್ದಾನೆ, ಅಪ್ಪನ ಕುರಿ ನೋಡಿಕೊಳ್ಳುತ್ತಿದ್ದಾನೆ ಎಂದು ನಾಲ್ಕು ದಿನದ ಮೇಲೆ ಅವನ ಅಣ್ಣ ಫೋನು ಮಾಡಿ ತಿಳಿಸಿದ.

ಯುಗಾದಿಯ ಹಿಂದಿನ ವಾರ ಮೂರ್ತಿಯ ಅನಾವರಣವಾಯಿತು. ಸರ್ಕಲ್ಲಿಗೆ ಪೆಂಡಾಲು ಹಾಕಿದ್ದರು. ಸಾಲಿ ಮಕ್ಕಳು ಬಾವುಟ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಸೋಮವ್ವನಿಗೆ ವೇದಿಕೆಯ ಮೇಲೆ ಕುರ್ಚಿ. ವೈಶಾಲಿಗೆ ಕರೆ ಬಂದಿರಲಿಲ್ಲ. ಅವಳು ಮಾಳವ್ವನ ಕೈ ಹಿಡಿದು ಹೆಂಗಸರ ಹಿಂದೆ, ಸೈಕಲ್ ಅಂಗಡಿಯ ಕಟ್ಟೆಯ ಹತ್ತಿರ ನಿಂತಳು. ಮುಂದಿದ್ದ ಒಬ್ಬಳು ತಿರುಗಿ ನೋಡಿ ಪಕ್ಕದವಳಿಗೆ ಏನೋ ಹೇಳಿದಳು. ಇಬ್ಬರೂ ಸೀರೆ ಎಳೆದುಕೊಂಡು ಸ್ವಲ್ಪ ಸರಿದರು.

ಪರದೆ ಸರಿಸಿದಾಗ ಜನ ಒಂದು ಕ್ಷಣ ಚಪ್ಪಾಳೆ ಮರೆತರು. ಭೀಮಶಿಯನ್ನು ಕಂಡವರೆಲ್ಲ ಅವನನ್ನು ಗುರುತಿಸಿದರು. ಎಡಕ್ಕೆ ವಾಲಿದ ಮೂಗು, ಹುಬ್ಬಿನ ಗೆರೆ, ಏಳುತ್ತಿರುವ ಗಲ್ಲ. ಹಳೆಯ ಕಾಲುಗಳ ಮೇಲೆ ಹೊಸ ಮೈ ಕೂತ ಜಾಗ ಬಣ್ಣದಲ್ಲಿ ಮುಚ್ಚಿಹೋಗಿತ್ತು. ಕಟ್ಟೆಗೆ ಹೊಸ ಕಪ್ಪು ಕಲ್ಲು ಹಚ್ಚಿದ್ದರು. ಅದರಲ್ಲಿ ಭೀಮಶಿಯ ಹೆಸರಿಗಿಂತ ಒಂದು ಅಳತೆ ಸಣ್ಣ ಅಕ್ಷರದಲ್ಲಿ ಅಣ್ಣಾಸಾಹೇಬರ ಹೆಸರು.

ಅಣ್ಣಾಸಾಹೇಬರು ಮಾತಾಡಿದರು. ತನ್ನ ಗಾಡಿಯಿಂದ ಆದ ಅಪಚಾರ, ತನ್ನ ಆಳು ಮಾಡಿದ ತಪ್ಪು, ಅದನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ತೊಳೆದಿದ್ದೇನೆ ಎಂದರು. ತಪ್ಪು ಮಾಡಿದವನನ್ನೂ ಊರು ಕ್ಷಮಿಸಲಿ ಎಂದು ಕೈ ಮುಗಿದರು. ಜನ ಅವರ ದೊಡ್ಡತನಕ್ಕೆ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಆ ಮೇಲೆ ಸೋಮವ್ವನಿಗೆ ಶಾಲು ಹೊದಿಸಿ ಮೈಕು ಅವಳ ಬಾಯಿಗೆ ಹಿಡಿದರು.

ವೈಶಾಲಿ ಈಗಲಾದರೂ ಅತ್ತೆ ಹೇಳುತ್ತಾಳೆ ಎಂದುಕೊಂಡಳು. ಬ್ರೇಕು ಕೆಟ್ಟಿತ್ತು ಎಂದಷ್ಟು ಸಾಕು. ಹಡೆದ ತಾಯಿ ಹೇಳಿದರೆ ಊರು ಅಲ್ಲಗಳೆಯುವುದಿಲ್ಲ. ಸೋಮವ್ವ ಜನರನ್ನು ನೋಡಲಿಲ್ಲ. ಮೂರ್ತಿಯನ್ನೇ ನೋಡುತ್ತಿದ್ದಳು.

"ನನ್ನ ಮಗಾ ತಿರುಗಿ ಬಂದಂಗಾತು," ಎಂದಳು. ಅಣ್ಣಾಸಾಹೇಬರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ವೈಶಾಲಿ ತಾನೇ ಮುಂದೆ ಹೋಗಿ ಹೇಳಬಹುದಿತ್ತು. ಒಂದು ಹೆಜ್ಜೆ ಇಟ್ಟಳು ಕೂಡ. ಮುಂದಿದ್ದ ಹೆಂಗಸರು ತಿರುಗಿದರು. ಅವರ ಕಣ್ಣು ಅವಳ ಹಣೆಯ ಕುಂಕುಮದ ಮೇಲೆ, ಕೊರಳ ತಾಳಿಯ ಮೇಲೆ ಹರಿದಾಡಿ ಮಾಳವ್ವನ ಮೇಲೆ ನಿಂತಿತು. ಅವಳು ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು.

ಅಂದಿನಿಂದ ಸೋಮವ್ವ ದಿನಾ ಮುಂಜಾನೆ ಸರ್ಕಲ್ಲಿಗೆ ಹೋಗಿ ಕಟ್ಟೆಯ ಪಕ್ಕದಲ್ಲಿ ಕೂರತೊಡಗಿದಳು. ಬಿಸಿಲೇರಿದ ಮೇಲೆ ವೈಶಾಲಿ ಹೋಗಿ ಕರೆದುಕೊಂಡು ಬರಬೇಕು. ಮನೆಯಲ್ಲಿ ಪಾಂಡಪ್ಪನ ಹೆಸರು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಅವನು ಎಲ್ಲಿ ಹೋದ, ಊಟಕ್ಕೆ ಏನು ಮಾಡುತ್ತಾನೆ ಎಂದು ಒಮ್ಮೆಯೂ ಕೇಳಲಿಲ್ಲ.

ವೈಶಾಖದ ಬಿಸಿಲಿನಲ್ಲಿ ವೈಶಾಲಿ ಮಾಳವ್ವನನ್ನು ಕರೆದುಕೊಂಡು ಬೀಳಗಿಯ ಬಸ್ಸು ಹತ್ತಿ ಅನಗವಾಡಿಗೆ ಹೋದಳು. ಹೊಳೆ ಇಳಿದಿತ್ತು. ಕೊಯ್ಲಾದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಪಾಂಡಪ್ಪ ಜಾಲಿಯ ಟೊಂಗೆ ಕಡಿದು ಮರಿಗಳಿಗೆ ಹಾಕುತ್ತಿದ್ದ. ಗಡ್ಡ ಬೆಳೆದಿತ್ತು, ಹೆಗಲ ಮೇಲೆ ಕಂಬಳಿ. ಮಾಳವ್ವ ಓಡಿಹೋಗಿ ಅವನ ಕಾಲು ತಬ್ಬಿಕೊಂಡಳು. ಅವನು ಅವಳಿಗೆ ಒಂದು ಮರಿ ಹಿಡಿದು ಕೊಟ್ಟು ಆಡಲು ಬಿಟ್ಟು, ನೆರಳಿಗೆ ಬಂದು ವೈಶಾಲಿಯ ಎದುರಿಗೆ ಕೂತ.

ಕೇಳಬಾರದಿತ್ತು, ತಪ್ಪಾಯಿತು ಎಂದಳು ಅವಳು. ಅವನು ಕೊಡಲಿಯ ಅಲಗನ್ನು ಹೆಬ್ಬೆರಳಿನಿಂದ ಸವರಿದ.

"ಬೇಕಂತ ಹೊಡದಿಲ್ಲ. ಬ್ರೇಕ್ ಹಿಡೀಲಿಲ್ಲ. ಅದು ಖರೆ," ಎಂದ. "ಆದ್ರ ಇನ್ನೊಂದ ಐತಿ, ಯಾರಿಗೂ ಹೇಳಿಲ್ಲ. ಅಂವ ಬಿದ್ದ ಮ್ಯಾಲ, ಧೂಳ ಇನ್ನಾ ಇಳದಿರಲಿಲ್ಲ, ಕಟ್ಟಿ ಮ್ಯಾಲ ಯಾರೂ ಕಾಣಲಿಲ್ಲ. ಆವಾಗ ನನಗ ಎದಿ ಹಗರ ಆತು. ಒಂದ ಉಸರಿನಷ್ಟ ಹೊತ್ತು. ಭೀಮಶಿ ನನ್ನ ಗೆಳ್ಯಾ. ಆದ್ರ ಕಟ್ಟಿ ಮ್ಯಾಲ ನಿಂತಾಂವ ಗೆಳ್ಯಾ ಅಲ್ಲ. ದಿನಾ ಮುಂಜಾನಿ ಅವನ ಮುಂದ ತಲಿ ತಗ್ಗಿಸಿ ಹಾಯಬೇಕಿತ್ತು. ನೀ ಕೇಳಿದಾಗ, ಮನಸಿನ್ಯಾಗ ಏನೂ ಇರಲಿಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ."

ವೈಶಾಲಿ ಹೊಳೆಯ ಕಡೆ ನೋಡಿದಳು. ಡಿಸೆಂಬರಿನ ಆ ಮುಂಜಾನೆ, ಮೈಯೆಲ್ಲ ಸಿಮೆಂಟಾಗಿ ಅವನು ಬಂದು ಭೀಮಶಿ ಬಿದ್ದ ಎಂದಾಗ, ಅಳುವಿಗೂ ಹೆದರಿಕೆಗೂ ಮೊದಲು ತನ್ನೊಳಗೆ ಏನೋ ಸಡಿಲಾದದ್ದು ಅವಳಿಗೆ ಈಗ ಸ್ಪಷ್ಟವಾಗಿ ನೆನಪಾಯಿತು. ಇನ್ನು ಸೆರಗು ಎಳೆದುಕೊಳ್ಳದೆ ಸಂತೆಗೆ ಹೋಗಬಹುದು ಎಂದು ಅನಿಸಿತ್ತು. ಒಂದು ಉಸಿರಿನಷ್ಟೇ ಹೊತ್ತು, ಅವನ ಹಾಗೆಯೇ. ಆ ನೆನಪನ್ನು ಇಷ್ಟು ದಿನ ತಾನು ಹತ್ತಿರ ಬಿಟ್ಟುಕೊಂಡಿರಲಿಲ್ಲ.

ನನಗೂ ಹಂಗಽ ಆಗಿತ್ತು ಎಂದು ಹೇಳಬೇಕಿತ್ತು. ಮಾತು ನಾಲಿಗೆಗೆ ಬಂದಿತ್ತು. ಹೇಳಿದರೆ ಅವನು ತನ್ನನ್ನು ಹೇಗೆ ನೋಡಿಯಾನು, ಭೀಮಶಿ ಎಲ್ಲಿಂದ ನೋಡಿಯಾನು ಎಂದು ಎದೆ ಹಿಂಜರಿಯಿತು. ಅಷ್ಟರಲ್ಲಿ ಅವನ ಅಣ್ಣ ಕುರಿ ಎಬ್ಬಿಸಿಕೊಂಡು ಬಂದ. ಪಾಂಡಪ್ಪ ಎದ್ದ. ಅವಳು ಏನೂ ಹೇಳದೆ ಕೂತದ್ದನ್ನು ಅವನು ನೋಡಿದ. ಅವಳಿಗೆ ಹೇಸಿಗೆಯಾಗಿದೆ ಎಂದು ತಿಳಿದುಕೊಂಡನೆಂಬುದು ಅವನ ಮುಖದಲ್ಲಿ ಕಂಡಿತು. ಕಡೆಯ ಬಸ್ಸು ತಪ್ಪುತ್ತದೆ, ಹೊರಡು ಎಂದ.

ಕಾರಹುಣ್ಣಿವೆಯ ಮುಂದೆ, ಕುರಿಗಳು ಬೇರೆ ಸೀಮೆಗೆ ಹೊರಟಾಗ, ಪಾಂಡಪ್ಪ ಮನೆಗೆ ಬಂದ. ಯಾರೂ ಕರೆದಿರಲಿಲ್ಲ. ಮಾಳವ್ವನಿಗೆ ಜ್ವರ ಬಂದಿದೆಯೆಂದು ಕೇಳಿ ಬಂದವನು ಉಳಿದುಬಿಟ್ಟ. ಈಗ ರಬಕವಿ-ಬನಹಟ್ಟಿಯಲ್ಲಿ ನೂಲಿನ ಗಂಟು ಇಳಿಸುವ ಕೆಲಸಕ್ಕೆ ಹೋಗುತ್ತಾನೆ. ಬಸ್ಸು ಸರ್ಕಲ್ಲಿನಲ್ಲೇ ನಿಲ್ಲುತ್ತದೆ. ಅವನು ಕಾಲುವೆಯ ಏರಿಯ ಮೇಲೆ ನಡೆದು ಮುಂದಿನ ಊರಿನಲ್ಲಿ ಹತ್ತುತ್ತಾನೆ. ಸಂಜೆ ಅದೇ ಏರಿಯ ಮೇಲೆ ಬರುತ್ತಾನೆ. ಸೋಮವ್ವ ಅವನೊಂದಿಗೆ ನೇರ ಮಾತಾಡುವುದಿಲ್ಲ, ನಿಮ್ಮಪ್ಪನಿಗೆ ಉಣ್ಣಲು ಹೇಳು ಎಂದು ಮಾಳವ್ವನಿಗೆ ಹೇಳುತ್ತಾಳೆ. ಅವನು ಮಾತ್ರ ಅವಳನ್ನು ಈಗಲೂ ಯವ್ವಾ ಎಂದೇ ಕರೆಯುತ್ತಾನೆ. ಮೊಣಕಾಲಿನ ಎಣ್ಣೆ ತೀರಿದ್ದು ಕಂಡರೆ ಹೇಳಿಸಿಕೊಳ್ಳದೆ ತರುತ್ತಾನೆ.

ಗಂಡಹೆಂಡಿರ ನಡುವೆ ಜಗಳವಿಲ್ಲ. ಕಾಯಿಪಲ್ಲೆ, ಮಗುವಿನ ಸಾಲಿ, ಸೋರುವ ಮೂಲೆಯ ಹಂಚು ಇಷ್ಟರ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಅಂದು ಹೊಳೆದಂಡೆಯಲ್ಲಿ ನುಂಗಿದ ಮಾತನ್ನು ಇಂದು ಹೇಳಬೇಕು, ನಾಳೆ ಹೇಳಬೇಕು ಎಂದು ವೈಶಾಲಿ ಅಂದುಕೊಳ್ಳುತ್ತಲೇ ಇದ್ದಾಳೆ. ಸಂಜೆ ಅವನು ಊಟಕ್ಕೆ ಕೂರುತ್ತಾನೆ, ಅವಳು ಎದುರಿಗೆ ಬುಟ್ಟಿ ಹಿಡಿದು ಕೂರುತ್ತಾಳೆ. ಅವನು ತಲೆ ಎತ್ತದೆ ಉಣ್ಣುತ್ತಾನೆ. ಇನ್ನೊಂದು ರೊಟ್ಟಿ ಹಾಕಲೇ ಎಂದು ಅವಳು ಕೇಳುತ್ತಾಳೆ. ಅವನು ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾನೆ.